ಜನಕ್ಕೆ ಪುರಾವೆ ಬೇಡ ಅಂತ ಯಾರು ಹೇಳಿದ್ದು?

ಈಗಷ್ಟೇ ಒಂದು ಇತಿಹಾಸದ ಉಪನ್ಯಾಸ ಮುಗಿಸಿಕೊಂಡು ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ. ಕೊನೆಯಲ್ಲಿ ಹಿರಿಯರೊಬ್ಬರು ಎದ್ದು, "ಇದೆಲ್ಲ ಹೀಗೇ ನಡೀತು ಅಂತ ಹೇಗೆ ಗೊತ್ತಾಯ್ತು ಸಾರ್?" ಅಂತ ಕೇಳಿದರು. ಭಾಷಣಕಾರರು, "ಅದು ಸಂಶೋಧಕರ ವಿಷಯ, ನಿಮಗೆ ಬೋರಾಗುತ್ತೆ" ಅಂತ ನಕ್ಕು ಮೈಕನ್ನು ಬೇರೆಯವರಿಗೆ ಕೊಡಿಸಿದರು. ಇಡೀ ಕಾರ್ಯಕ್ರಮದಲ್ಲಿ ಬಂದ ಅತಿ ಒಳ್ಳೆಯ ಪ್ರಶ್ನೆ ಅದು!

ನನ್ನ ಕೆಲಸ ನಿಮಗೆ ಗೊತ್ತೇ ಇದೆ. ಇತಿಹಾಸದ ಪ್ರದರ್ಶನ ಜೋಡಿಸೋದು, ಅಲ್ಲಿನ ವಿವರಣಾ ಫಲಕ ಬರೆಯೋದು, ನೋಡೋಕೆ ಬಂದವರ ಜೊತೆ ಮಾತಾಡೋದು. ಪ್ರತಿ ಸಭೆಯಲ್ಲೂ ಒಂದೇ ಮಾತು: "ಸರಳ ಮಾಡಿ, ಸಾಮಾನ್ಯರಿಗೆ ಅರ್ಥವಾಗಲ್ಲ." ಭಾಷೆ ಸರಳವಾಗಲಿ, ಖಂಡಿತ ಆಗಲಿ. ಆದರೆ ಆ ನೆಪದಲ್ಲಿ ಮೊದಲು ಕತ್ತರಿ ಬೀಳೋದು ಪುರಾವೆಗೆ. ಯಾವ ದಾಖಲೆ, ಬರೆಸಿದವರು ಯಾರು, ಅದರಲ್ಲಿ ಯಾರ ದನಿಯೇ ಇಲ್ಲ, ವಿದ್ವಾಂಸರು ಎಲ್ಲಿ ಜಗಳವಾಡುತ್ತಿದ್ದಾರೆ, ಎಲ್ಲ ಹೋಗಿ ಬರೀ ತೀರ್ಪು ಉಳಿಯುತ್ತೆ. ಆಮೇಲೆ ಜನ ವಾಟ್ಸಾಪ್ ಸುಳ್ಳು ನಂಬ್ತಾರೆ ಅಂತ ನಾವೇ ಗೋಳಾಡ್ತೀವಿ. ವಾಟ್ಸಾಪ್‌ನಲ್ಲೂ ನಮ್ಮ ಫಲಕದಲ್ಲೂ ಪುರಾವೆ ಕಾಣದಿದ್ದರೆ ಅವರು ಯಾವುದನ್ನು ನೋಡಿ ನಮ್ಮನ್ನು ನಂಬಬೇಕು?

ಅಮೆರಿಕದ ಇತಿಹಾಸಕಾರರಾದ ರಾಯ್ ರೋಸೆನ್‌ಜ್ವೈಗ್ ಮತ್ತು ಡೇವಿಡ್ ಥೆಲೆನ್ ಸುಮಾರು 1,500 ಅಮೆರಿಕನ್ನರನ್ನು ಮಾತಾಡಿಸಿ 1998ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಗತಕಾಲದ ಬಗ್ಗೆ ಯಾರನ್ನು ನಂಬುತ್ತೀರಿ ಅಂದರೆ, ಜನ ಪ್ರಾಧ್ಯಾಪಕರಿಗಿಂತ ಮ್ಯೂಸಿಯಂಗೆ ಹೆಚ್ಚು ಅಂಕ ಕೊಟ್ಟರು. ಅಲ್ಲಿ ವಸ್ತುವನ್ನು ಕಣ್ಣಾರೆ ಕಂಡು ತಾವೇ ತೀರ್ಮಾನಿಸಬಹುದು ಅನ್ನೋದು ಮುಖ್ಯ ಕಾರಣ. ಇವರಾ ಪುರಾವೆ ಬೇಡ ಅನ್ನುವವರು?

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿದ್ದ ಡಿಸ್ಟ್ರಿಕ್ಟ್ ಸಿಕ್ಸ್ ಅನ್ನೋ ಬಡಾವಣೆ ನೋಡಿ. 1966ರಲ್ಲಿ ವರ್ಣಭೇದ ಸರ್ಕಾರ ಆ ಬಡಾವಣೆಯನ್ನು ಬಿಳಿಯರಿಗೆ ಮೀಸಲಿಟ್ಟಿತು. ಮುಂದೆ ಸುಮಾರು 60,000 ಜನರನ್ನು ಒಕ್ಕಲೆಬ್ಬಿಸಿ, ಮನೆಗಳನ್ನು ಕೆಡವಿಹಾಕಿತು. 1994ರಲ್ಲಿ ಶುರುವಾದ ಅಲ್ಲಿನ ಮ್ಯೂಸಿಯಂ, ಬಡಾವಣೆಯ ಬೀದಿಗಳ ದೊಡ್ಡ ನಕ್ಷೆಯನ್ನು ನೆಲದ ಮೇಲೆ ಹಾಸಿತು. ಹಳೆಯ ನಿವಾಸಿಗಳು ಬಂದು, ಬಗ್ಗಿ, ತಮ್ಮ ಮನೆಯಿದ್ದ ಜಾಗ ಹುಡುಕಿ ಹೆಸರು ಬರೆದರು. ಇದನ್ನು ಯಾರಿಗಾದರೂ ಹೇಳುವಾಗ ನನಗೆ ಗಂಟಲು ಕಟ್ಟುತ್ತೆ. ಅಲ್ಲಿ ಜನ ಬರೀ ಕೇಳುಗರಲ್ಲ, ಸಾಕ್ಷಿಗಳು.

"ನೆನಪು ಮೋಸ ಮಾಡುತ್ತೆ, ಜನ ಹೇಳಿದ್ದೆಲ್ಲ ಇತಿಹಾಸವಲ್ಲ" ಅಂತ ಕೆಲವರು ಈಗಲೇ ಕಾಮೆಂಟ್ ಟೈಪ್ ಮಾಡುತ್ತಿರಬಹುದು. ಒಪ್ಪಿದೆ. ಸರ್ಕಾರಿ ಕಡತವೂ ಮೋಸ ಮಾಡುತ್ತೆ. ಎರಡನ್ನೂ ಅಕ್ಕಪಕ್ಕ ಇಟ್ಟು ತಾಳೆ ನೋಡೋದೇ ನಮ್ಮ ಕಸುಬು. ಅದನ್ನು ಜನರ ಎದುರಿಗೇ ಮಾಡಿ ಅನ್ನೋದಷ್ಟೇ ನನ್ನ ಹಠ.

ಮುಂದಿನ ಪ್ರದರ್ಶನದಲ್ಲಿ ಪ್ರತಿ ಫಲಕದ ಪಕ್ಕ ಮೂಲ ದಾಖಲೆಯ ಪ್ರತಿ ಇರುತ್ತೆ, ಅನುಮಾನ ಇರುವ ಕಡೆ ಅನುಮಾನ ಇದೆ ಅಂತಲೇ ಬರೆದಿರುತ್ತೆ. ಆಯೋಜಕರು ಒಪ್ಪದಿದ್ದರೆ ಆ ಕೆಲಸ ನನಗೆ ಬೇಡ.