ಬತ್ತಿ ಆರಿತು, ನೀರು ಏರಿತು

ಕಳೆದ ವಾರ ನಮ್ಮ ಅಣ್ಣನ ಮಗಳು ಶಾಲೆಯಿಂದ ಕುಣಿಯುತ್ತಾ ಬಂದಳು. ಏಳನೇ ಕ್ಲಾಸು. ತಟ್ಟೆಯಲ್ಲಿ ನೀರು ಹಾಕಿ, ನಡುವೆ ಮೇಣದಬತ್ತಿ ಹಚ್ಚಿ, ಮೇಲೆ ಗಾಜಿನ ಲೋಟ ಬೋರಲು ಹಾಕಿದ್ದರಂತೆ. ಬತ್ತಿ ಆರಿತು, ನೀರು ಲೋಟದೊಳಗೆ ಏರಿತು.

"ಕಾಕಾ, ಆಕ್ಸಿಜನ್ ಖಾಲಿ ಆತು, ಅದರ ಜಾಗಾಕ್ಕ ನೀರು ಬಂತು. ಯಾರೂ ಹೇಳಿಲ್ಲ, ನಾವ ಕಂಡುಹಿಡಿದ್ವಿ!"

ಕಂಡುಹಿಡಿದದ್ದು ತಪ್ಪು, ಅದೇ ತೊಂದರೆ. ಆಕ್ಸಿಜನ್ ಪೂರ್ತಿ ಮುಗಿಯುವ ಮೊದಲೇ ಬತ್ತಿ ಆರುತ್ತದೆ. ಉರಿದದ್ದರ ಬದಲಿಗೆ ಕಾರ್ಬನ್ ಡೈಆಕ್ಸೈಡ್ ಬೇರೆ ಹುಟ್ಟುತ್ತದೆ. ನೀರು ಏರಲು ಮುಖ್ಯ ಕಾರಣ ಬಿಸಿ. ಕಾದ ಗಾಳಿ ಹಿಗ್ಗಿ ಲೋಟದ ಅಂಚಿನಿಂದ ಗುಳ್ಳೆಯಾಗಿ ಹೊರಗೆ ಹೋಗುತ್ತದೆ. ಬತ್ತಿ ಆರಿದ ಮೇಲೆ ಉಳಿದ ಗಾಳಿ ತಣಿದು ಕುಗ್ಗುತ್ತದೆ. ಆಗ ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ದಬ್ಬುತ್ತದೆ. ಇದನ್ನು ಏಳನೇ ಕ್ಲಾಸಿನ ಐದು ಮಕ್ಕಳು ಗುಂಪಾಗಿ ಕೂತು ತಾವಾಗಿಯೇ ಕಂಡುಕೊಳ್ಳಲಿ ಅನ್ನುವುದು ಅನ್ಯಾಯ, ಅಲ್ವಾ?

ನಾನೂ ವಿಜ್ಞಾನದ ಮಾಸ್ತರನೇ, ಇದೇ ವಿಜಯಪುರದಲ್ಲಿ. "ಉತ್ತರ ಹೇಳಬೇಡಿ, ಮಕ್ಕಳೇ ಹುಡುಕಲಿ" ಅನ್ನುವ ತರಬೇತಿಗೆ ನಾನೂ ತಲೆ ಆಡಿಸಿ ಬಂದವನು. ಆ ಹುಮ್ಮಸ್ಸಿನಲ್ಲಿ ಒಮ್ಮೆ ಮಕ್ಕಳನ್ನು ಗೋಲಗುಮ್ಮಟಕ್ಕೆ ಕರೆದೊಯ್ದೆ. ಏನೂ ಹೇಳಲಿಲ್ಲ. ಕೂಗಿದರು, ಶಿಳ್ಳೆ ಹೊಡೆದರು, ಕಾವಲುಗಾರನಿಂದ ಬೈಸಿಕೊಂಡರು. ವಹಿಯಲ್ಲಿ ಒಬ್ಬ ಬರೆದ: "ಗುಮ್ಮಟ ಬಹಳ ಹಳೇದು, ಅದಕ್ಕ ಮಾತಾಡತದ."

ಮರುವರ್ಷ ಬುದ್ಧಿ ಬಂತು. ಹೋಗುವ ಮೊದಲೇ ಬೋರ್ಡಿನ ಮೇಲೆ ಬರೆದು ಹೇಳಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಪ್ರತಿಧ್ವನಿ ಬೇರೆಯಾಗಿ ಕೇಳಬೇಕಾದರೆ ಗೋಡೆ ಸುಮಾರು 17 ಮೀಟರಾದರೂ ದೂರ ಇರಬೇಕು. ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಲೆಕ್ಕ ಮಾಡಿಕೊಂಡೇ ಮೆಟ್ಟಿಲು ಹತ್ತಿದೆವು. ಒಬ್ಬಳು ಒಂದೇ ಚಪ್ಪಾಳೆ ತಟ್ಟಿ, ಕಿವಿಗೊಟ್ಟು ಕೇಳಿದಳು: "ಸರ್, ಗೋಡೆ ಒಂದಾದ್ರ ಸದ್ದು ಇಷ್ಟು ಸಲ ಹೆಂಗ ಬರತದ್ರಿ?" ಹಿಂದಿನ ವರ್ಷ ಈ ಪ್ರಶ್ನೆ ಯಾರ ಬಾಯಿಂದಲೂ ಬಂದಿರಲಿಲ್ಲ.

ಇದು ನನ್ನೊಬ್ಬನ ಗೊಣಗಾಟ ಅಲ್ಲ. ಕಿರ್ಷ್ನರ್, ಸ್ವೆಲ್ಲರ್, ಕ್ಲಾರ್ಕ್ ಎಂಬ ಮೂವರು ಶಿಕ್ಷಣ ಸಂಶೋಧಕರು 2006ರಲ್ಲೇ ಇದನ್ನು ಬರೆದರು. ಹೊಸದಾಗಿ ಕಲಿಯುವವರ ತಲೆ ಒಮ್ಮೆಗೆ ಸ್ವಲ್ಪವನ್ನೇ ಹಿಡಿಯುತ್ತದೆ. ದಾರಿ ತೋರಿಸದೆ ಬಿಟ್ಟರೆ ಹುಡುಕಾಟದಲ್ಲೇ ಅದು ತುಂಬಿಹೋಗುತ್ತದೆ. ಮಧ್ಯಪ್ರದೇಶದ ಹೋಶಂಗಾಬಾದಿನ ಶಾಲೆಗಳಲ್ಲಿ 1972ರಿಂದ 2002ರವರೆಗೆ ಪ್ರಯೋಗದ ಮೂಲಕವೇ ವಿಜ್ಞಾನ ಕಲಿಸಲಿಲ್ಲವೇ ಅಂತ ಕೇಳುವವರಿದ್ದಾರೆ. ಕಲಿಸಿದರು, ಅವರ ಬಗ್ಗೆ ನನಗೆ ಗೌರವ ಇದೆ. ಆದರೆ ಅಲ್ಲಿ ಮೊದಲು ಮಾಸ್ತರರೇ ಕೂತು ಪ್ರಯೋಗ ಮಾಡಿ ಕಲಿತರು. ನಮಗೆ ಸಿಕ್ಕಿದ್ದು ಎರಡು ದಿನದ ತರಬೇತಿ, ಒಂದು ಕಿಟ್ಟು, ಚಹಾ.

ಭಾನುವಾರ ಮನೆಯಲ್ಲಿ ಅದೇ ಲೋಟದಡಿ ಮೂರು ಬತ್ತಿ ಇಟ್ಟೆ. ನೀರು ಎಷ್ಟು ಏರುತ್ತದೆ ಹೇಳು ಅಂದೆ.

"ಲೋಟ ಅದೇ ಅದ, ಆಕ್ಸಿಜನ್ನೂ ಅಷ್ಟ. ನೀರೂ ಅಷ್ಟ ಏರತದ."

ಜಾಸ್ತಿ ಏರಿತು. ಅವಳು ಲೋಟವನ್ನೇ ನೋಡುತ್ತಾ ಕೂತಳು. ಆಮೇಲೆ ಬಿಸಿ ಗಾಳಿಯ ವಿಷಯ ಹೇಳಿದೆ. ಹತ್ತು ನಿಮಿಷ ಸಾಕಾಯಿತು.

"ಕಾಕಾ, ನಾಳೆ ಟೀಚರ್‌ಗೆ ಹೇಳಲೇನು?"

ಹೇಳವ್ವ, ಆದರೆ ಸ್ವಲ್ಪ ಮೆಲ್ಲಕ ಹೇಳು ಅಂದೆ.