ಬಜ್ಪೆಗೆ ಬೆಡ್‌ರೂಮಿನ ದಾರಿ

ಉಡುಪಿಯಿಂದ ಬಜ್ಪೆಯ ಮಂಗಳೂರು ವಿಮಾನ ನಿಲ್ದಾಣಕ್ಕೆ ಈಗ ಎರಡು ದಾರಿ. ಒಂದು ರಾಷ್ಟ್ರೀಯ ಹೆದ್ದಾರಿ 66. ಇನ್ನೊಂದು, ಮನೆಯ ಹಿಂದಿನ ಕೋಣೆಯಲ್ಲಿ ಬೋಯಿಂಗ್ 737ರ ಕಾಕ್‌ಪಿಟ್ ಕಟ್ಟಿಕೊಂಡು ಸಿಮ್ಯುಲೇಟರಿನಲ್ಲಿ, ಅಂದರೆ ಕಂಪ್ಯೂಟರಿನ ನಕಲಿ ಹಾರಾಟದಲ್ಲಿ, ಅಲ್ಲಿನ ರನ್‌ವೇ 24ಕ್ಕೆ ಇಳಿಯುವುದು. ಖರ್ಚು ಎರಡನೆಯದಕ್ಕೇ ಜಾಸ್ತಿ. ಆದರೆ ಇಷ್ಟು ಹೊತ್ತಿಗೆ ತಲುಪುತ್ತೇನೆ ಎಂದು ಧೈರ್ಯವಾಗಿ ಹೇಳಬಹುದಾದದ್ದೂ ಅದರಲ್ಲೇ. ಹಾಗಾಗಿ ‘ಮನೆಗೊಂದು ಕಾಕ್‌ಪಿಟ್’ ಯೋಜನೆಯನ್ನು ಸರಕಾರ ಪರಿಶೀಲಿಸಬೇಕು. ಅದು ಪರಿಶೀಲಿಸಿ ಮುಗಿಸುವುದರೊಳಗೆ ನೀವೇ ಒಂದು ಕಟ್ಟಿರುತ್ತೀರಿ, ಆದ್ದರಿಂದ ವಿವರ ಇಲ್ಲೇ ಇದೆ.

ಮೊದಲು ಮರದ ಕೆಲಸ. ಅಂತರ್ಜಾಲದಲ್ಲಿ ಸಿಗುವ ನಕ್ಷೆಗಳಲ್ಲಿ ಹೆಚ್ಚಿನವು ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆಯವು. ಅವನ್ನು ಬರೆದವರ ಊರಿನಲ್ಲಿ ವರ್ಷಕ್ಕೆ ಮೂರು ಮೀಟರ್ ಮೀರಿ ಮಳೆ ಬೀಳುವುದಿಲ್ಲ. ಇಲ್ಲಿ ಮಳೆಗಾಲದ ಆಟಿ ತಿಂಗಳು ಬರುವಾಗ ಎಂಡಿಎಫಿನ ಅಂಚು ಉಬ್ಬಿ, ಸ್ಕ್ರೂ ಸಡಿಲಾಗಿ, ಪ್ಯಾನೆಲಿನ ತೂತು ಒಂದು ಕಡೆ, ಹಲಗೆಯ ತೂತು ಇನ್ನೊಂದು ಕಡೆ ಆಗಿರುತ್ತದೆ. 710 ಗ್ರೇಡಿನ ಮೆರೈನ್ ಪ್ಲೈ ತನ್ನಿ. ಅಡಿಪಾಯಕ್ಕೆ 18 ಮಿಮೀ, ಉಳಿದದ್ದಕ್ಕೆ 12 ಮಿಮೀ. ಕೊಯ್ದ ಅಂಚಿಗೆ ಎರಡು ಕೈ ವಾರ್ನಿಶ್ ಬೀಳದೆ ಆಚಾರಿಯನ್ನು ಮನೆಗೆ ಬಿಡಬೇಡಿ. ಇಡೀ ಹೊರಕವಚವನ್ನು ತುಂಡು ತುಂಡಾಗಿ ಮಾಡಿ ಬೋಲ್ಟಿನಲ್ಲಿ ಜೋಡಿಸಿ. ಅಂಟು ಹಾಕಿ ಒಂದೇ ತುಂಡು ಮಾಡಿದರೆ, ಎರಡೂವರೆ ಅಡಿಯ ಬಾಗಿಲು ನೆನಪಾಗುವ ದಿನ ಗೋಡೆ ಒಡೆಯಬೇಕಾಗುತ್ತದೆ. ಹೆದ್ದಾರಿಯಲ್ಲಿ ಇದಕ್ಕೆ ಬೇರೆ ಕ್ರಮ ಉಂಟು: ಮೊದಲು ಕಟ್ಟುವುದು, ಬಸ್ಸು ಎಲ್ಲಿ ನಿಲ್ಲಬೇಕು ಎಂದು ಆಮೇಲೆ ಸಭೆ ಕರೆಯುವುದು.

ತಲೆಯ ಮೇಲಿನ ಓವರ್‌ಹೆಡ್ ಪ್ಯಾನೆಲಿಗೆ 3 ಮಿಮೀ ಹಾಲುಬಿಳುಪಿನ ಅಕ್ರಿಲಿಕ್ ಬೇಕು. ಅದಕ್ಕೆ ಬೂದು ಬಣ್ಣ ಹೊಡೆದು, ಒಣಗಿದ ಮೇಲೆ ಅಕ್ಷರದ ಜಾಗದಲ್ಲಿ ಬಣ್ಣವನ್ನಷ್ಟೇ ಲೇಸರಿನಲ್ಲಿ ಕೆತ್ತಿಸಿದರೆ ಹಿಂದಿನ ಎಲ್‌ಇಡಿ ಬೆಳಕು ಅಕ್ಷರದಲ್ಲಿ ಮೂಡುತ್ತದೆ. ಬಣ್ಣ ತೆಳುವಾದರೆ ಪ್ಯಾನೆಲ್ ಪೂರ್ತಿ ಬೆಳಗುತ್ತದೆ. ಲೇಸರ್ ಜೋರಾದರೆ ಅಕ್ಷರದ ಅಂಚು ಕರಗುತ್ತದೆ. ಈ ಕೆಲಸ ಬೋರ್ಡು ಬರೆಯುವ ಅಂಗಡಿಗಳಲ್ಲಿ ಆಗುತ್ತದೆ, ಆದರೆ ಸಮಯ ನೋಡಿ ಹೋಗಿ. ಯಾವುದಾದರೂ ರಸ್ತೆಗೆ ಅನುದಾನ ಮಂಜೂರಾದ ವಾರ ಅಲ್ಲಿ ಅಭಿನಂದನೆಯ ಬ್ಯಾನರುಗಳದೇ ಸಾಲು. ರಸ್ತೆಗಿಂತ ಬ್ಯಾನರ್ ಮೊದಲು ತಯಾರಾಗುವುದರಿಂದ ನಿಮ್ಮ ಪ್ಯಾನೆಲಿಗೆ ತಿಂಗಳು ಕಾಯಬೇಕಾಗಬಹುದು.

ಇನ್ನು ವೈರಿಂಗ್. ಹೆಚ್ಚಿನವರು ಸೋಲುವುದು ಇಲ್ಲೇ. ಸ್ವಿಚ್ಚುಗಳನ್ನು ಕಂಪ್ಯೂಟರಿಗೆ ಜೋಡಿಸುವ ಆರ್ಡುಯಿನೊ ಮೆಗಾ ಬೋರ್ಡಿನಲ್ಲಿ ಡಿಜಿಟಲ್ ಪಿನ್ನು 54. ಓವರ್‌ಹೆಡ್ಡಿನ ಸ್ವಿಚ್ಚುಗಳಿಗೆ ಒಂದಕ್ಕೊಂದರಂತೆ ಕೊಡುತ್ತಾ ಹೋದರೆ ಅರ್ಧ ದಾರಿಯಲ್ಲೇ ಖಾಲಿ. ಅದಕ್ಕೆ ಎಂಟು ಅಡ್ಡ, ಎಂಟು ಉದ್ದ ತಂತಿಯ ಮ್ಯಾಟ್ರಿಕ್ಸ್ ಮಾಡುತ್ತಾರೆ, 16 ಪಿನ್ನಿನಲ್ಲಿ 64 ಸ್ವಿಚ್ಚು ಓದುತ್ತದೆ. ಆದರೆ ಚೌಕದ ಮೂರು ಮೂಲೆಯ ಸ್ವಿಚ್ಚು ಒಟ್ಟಿಗೆ ಆನ್ ಆದರೆ, ಯಾರೂ ಮುಟ್ಟದ ನಾಲ್ಕನೆಯದೂ ಆನ್ ಎಂದು ಕಂಪ್ಯೂಟರಿಗೆ ಕಾಣುತ್ತದೆ. ಕರೆಂಟು ಹಿಂಬಾಗಿಲಿನಿಂದ ಸುತ್ತಿ ಬಂದಿರುತ್ತದೆ. ಹಾಕದ ಫ್ಯುಯೆಲ್ ಪಂಪು ಓಡುತ್ತಿದೆ ಎಂದು ದಾಖಲೆಯಲ್ಲಿ ಬಂದುಬಿಡುತ್ತದೆ. ಮುಗಿಯದ ಚರಂಡಿ ಮುಗಿದಿದೆ ಎಂದು ಕಡತ ಹೇಳುವುದೂ ಇದೇ ತತ್ವದಲ್ಲಿ. ವ್ಯತ್ಯಾಸ ಇಷ್ಟೇ, ಸಿಮ್ಯುಲೇಟರಿನಲ್ಲಿ ಪ್ರತಿ ಸ್ವಿಚ್ಚಿಗೂ ಒಂದೆರಡು ರೂಪಾಯಿಯ 1ಎನ್4148 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಹಾಕಿದರೆ ಸುಳ್ಳು ನಿಲ್ಲುತ್ತದೆ. ಕಡತಕ್ಕೆ ಹಾಕುವ ಡಯೋಡ್ ಇನ್ನೂ ಮಾರುಕಟ್ಟೆಗೆ ಬಂದಿಲ್ಲ ಮಾರಾಯ್ರೆ.

ಹೆಡಿಂಗ್ (ವಿಮಾನದ ಮೂತಿಯ ದಿಕ್ಕು) ತಿರುಗಿಸುವ ಗುಂಡಿಯ ಕೆಳಗಿನ ರೋಟರಿ ಎನ್‌ಕೋಡರಿಗೂ ಒಂದು ರೋಗ. ಒಂದು ಕ್ಲಿಕ್ ತಿರುಗಿಸಿದರೆ ಮೂರು ಡಿಗ್ರಿ ಹಾರುತ್ತದೆ, ಇಲ್ಲವೇ ಎರಡು ಕ್ಲಿಕ್ಕಿಗೆ ಒಂದು ಡಿಗ್ರಿ. ಸಾಫ್ಟ್‌ವೇರಿನಲ್ಲಿ ಎನ್‌ಕೋಡರಿನ ಬಗೆ ತಪ್ಪಾಗಿ ಆರಿಸಿದ್ದರೆ ಹೀಗಾಗುತ್ತದೆ. ಅದು ಸರಿ ಇದ್ದೂ ಹಾರಿದರೆ ಎರಡು ಪಿನ್ನಿನಿಂದಲೂ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ. ಎಂಜಿನ್ನಿನ ಬಲ ಏರಿಳಿಸುವ ಥ್ರಾಟಲ್ ಲಿವರಿಗೆ, ಒಳಗೆ ಉಜ್ಜಿಕೊಂಡು ತಿರುಗುವ ಪೊಟೆನ್ಷಿಯೊಮೀಟರ್ ಬೇಡ. ಸಮುದ್ರದ ಗಾಳಿಗೆ ಅದರ ಒಳಗೆ ಕಿಲುಬು ಕೂತು, ಲಿವರ್ ಮುಟ್ಟದೆಯೇ ಎಂಜಿನ್ ಏರಿಳಿಯುತ್ತದೆ. ಆಯಸ್ಕಾಂತದ ಹಾಲ್ ಸೆನ್ಸರಿನಲ್ಲಿ ಉಜ್ಜುವ ಭಾಗವೇ ಇಲ್ಲದ್ದರಿಂದ ಆ ತೊಂದರೆ ಇಲ್ಲ. ಎಲ್‌ಇಡಿಗಳನ್ನು ಆರ್ಡುಯಿನೊದ 5 ವೋಲ್ಟಿನಿಂದ ಉರಿಸಲು ಹೋಗಬೇಡಿ. ಒಂದಕ್ಕೆ 20 ಮಿಲಿಆಂಪಿಯರ್ ಅಂದರೂ 150ಕ್ಕೆ 3 ಆಂಪಿಯರ್, ಬೋರ್ಡು ಸುಡುತ್ತದೆ. 5 ವೋಲ್ಟ್ 10 ಆಂಪಿಯರಿನ ಬೇರೆಯೇ ಪವರ್ ಸಪ್ಲೈ ಇಟ್ಟು, ಗ್ರೌಂಡ್ ಮಾತ್ರ ಒಂದಕ್ಕೊಂದು ಸೇರಿಸಿ.

ಕರೆಂಟಿನ ವಿಷಯ ಹೇಳದಿರುವುದೇ ಮೇಲು, ಆದರೂ ಹೇಳಬೇಕು. ಒಂದೊಂದು ಪ್ರೊಜೆಕ್ಟರ್ 250ರಿಂದ 300 ವ್ಯಾಟ್. ಬಾಗಿದ ಪರದೆಗೆ ಮೂರು ಬೇಕು. ಕಂಪ್ಯೂಟರೂ ಸೇರಿದರೆ ಮನೆಯ 850 ವಿಎ ಇನ್ವರ್ಟರ್ ಕಿರುಚಿ ಮಲಗುತ್ತದೆ. ಕಂಪ್ಯೂಟರಿಗೆ ಮಾತ್ರ ಪ್ಯೂರ್ ಸೈನ್‌ವೇವ್ ಯುಪಿಎಸ್ ಕೊಟ್ಟು ಪ್ರೊಜೆಕ್ಟರುಗಳನ್ನು ವಿಧಿಗೆ ಬಿಡಿ. ನಿಜವಾದ 737ರಲ್ಲಿ ಒಂದು ಜನರೇಟರ್ ಹೋದರೆ ಇನ್ನೊಂದಿದೆ, ಅದೂ ಹೋದರೆ ಬಾಲದಲ್ಲಿರುವ ಸಣ್ಣ ಎಂಜಿನ್ ಎಪಿಯು ಇದೆ, ಏನೂ ಇಲ್ಲದಿದ್ದರೆ ಬ್ಯಾಟರಿ ಇದೆ. ನಮ್ಮಲ್ಲಿ ಒಂದು ತೆಂಗಿನ ಗರಿ ಲೈನಿನ ಮೇಲೆ ಬಿದ್ದರೆ ಮುಂದಿನ ವ್ಯವಸ್ಥೆ ಮೇಣದ ಬತ್ತಿ.

ಈ ವಿಮಾನದಲ್ಲಿ ಕಲಿಯಬೇಕಾದ ಒಂದು ಉಪಕರಣವಿದೆ. ರೆಕ್ಕೆಯ ಫ್ಲ್ಯಾಪ್ ಇಳಿಸದೆ, ಅಥವಾ ಪಾರ್ಕಿಂಗ್ ಬ್ರೇಕ್ ಬಿಡದೆ, ಟೇಕಾಫಿಗೆಂದು ಥ್ರಾಟಲ್ ಮುಂದೂಡಿದರೆ ಹಾರ್ನ್ ಬಡಿದುಕೊಳ್ಳುತ್ತದೆ. ತಯಾರಿ ಪೂರ್ತಿಯಾಗದೆ ಹಾರುವಂತಿಲ್ಲ. ಸಾವಿರದೊಳಗಿನ ಖರ್ಚಿನಲ್ಲಿ ಒಂದು ಸ್ಪೀಕರ್ ಇಟ್ಟು ಮನೆಯಲ್ಲೂ ಇದನ್ನು ಮಾಡಿಕೊಳ್ಳಬಹುದು. ಇದೇ ಹಾರ್ನನ್ನು ಉದ್ಘಾಟನೆಯ ರಿಬ್ಬನಿಗೆ ಜೋಡಿಸಿದರೆ, ಸರ್ವಿಸ್ ರಸ್ತೆ ಇಲ್ಲದ, ದೀಪ ಉರಿಯದ, ನೀರು ಹೋಗಲು ತೋಡು ಇಲ್ಲದ ಮೇಲ್ಸೇತುವೆಯ ಮುಂದೆ ಕತ್ತರಿ ಹಿಡಿದವರಿಗೆ ಭಾಷಣವೇ ಕೇಳಿಸದು. ಮಂಗಳೂರಿನ ಪಂಪ್‌ವೆಲ್ ಮೇಲ್ಸೇತುವೆ ಸುಮಾರು ಹತ್ತು ವರ್ಷ ತೆಗೆದುಕೊಂಡು 2020ರ ಜನವರಿ 31ರಂದು ತೆರೆಯಿತು. ಕಾಕ್‌ಪಿಟ್ ಕಟ್ಟುವವರು ಮನೆಯಲ್ಲಿ ಬೈಸಿಕೊಳ್ಳುವಾಗ ಈ ತಾರೀಕನ್ನು ಬಾಯಿಪಾಠ ಹೇಳಬಹುದು.

ವಿಮಾನದ ಬಿಡಿಭಾಗಗಳನ್ನು ಬೇಕೆಂದೇ ಕೆಡಿಸಿ ಅಭ್ಯಾಸ ಮಾಡುವ ಸೌಲಭ್ಯ ಒಳ್ಳೆಯ ಸಾಫ್ಟ್‌ವೇರುಗಳಲ್ಲಿದೆ. ಎಂಜಿನ್, ಹೈಡ್ರಾಲಿಕ್ ಪಂಪು, ಜನರೇಟರ್, ಏನು ಬೇಕಾದರೂ. ಆದರೆ ಈ ಪಟ್ಟಿ ಬರೆದವರು ಕರಾವಳಿಗೆ ಬಂದವರಲ್ಲ. 2021ರ ಜೂನಿನಲ್ಲಿ ಮಂಗಳೂರು-ಬಜ್ಪೆ ದಾರಿಯ ಮರವೂರು ಸೇತುವೆ ಕುಸಿದು ವಿಮಾನ ನಿಲ್ದಾಣದ ನೇರ ದಾರಿಯೇ ಬಂದ್ ಆಯಿತು. ವಿಮಾನ ಸರಿ, ಪೈಲಟ್ ಸರಿ, ಹವೆ ಸರಿ, ಪ್ರಯಾಣಿಕ ಮಾತ್ರ ನದಿಯ ಆಚೆ. ಇಂಥ ‘ಫೆಯ್ಲ್ಯೂರ್’ ಯಾವ ಮೆನುವಿನಲ್ಲೂ ಇಲ್ಲ.

ಅಲುಗಾಡುವ ಪೀಠಕ್ಕೆ ಲಕ್ಷಗಟ್ಟಲೆ ಸುರಿಯುವ ಮೊದಲು ಯೋಚಿಸಿ. ಮೂಗು ಮೇಲೆ-ಕೆಳಗೆ, ಎಡ-ಬಲಕ್ಕೆ ವಾಲುವುದು, ಇಡೀ ಸೀಟು ಏರಿಳಿಯುವುದು, ಇವು ಅಗ್ಗದ ಪೀಠದ ಮೂರು ಚಲನೆ. ದುಬಾರಿಯದಕ್ಕೆ ಆರು. ಆ ಆರೂ ಉಡುಪಿ-ಮಂಗಳೂರು ಎಕ್ಸ್‌ಪ್ರೆಸ್ ಬಸ್ಸಿನ ಕೊನೆಯ ಸೀಟಿನಲ್ಲಿ ಟಿಕೆಟ್ ದರಕ್ಕೇ ಸಿಗುತ್ತವೆ. ಕಂಡಕ್ಟರ್ ‘ರೈಟ್ ಪೋಯಿ’ (ತುಳುವಿನಲ್ಲಿ ‘ಹೋಗೋಣ’) ಅಂದರೆ ಟೇಕಾಫಿಗೆ ಅನುಮತಿ ಸಿಕ್ಕಂತೆ. ಪೀಠ ಪ್ರತಿ ಏಟಿನ ನಂತರ ನಿಮಗೆ ತಿಳಿಯದ ಹಾಗೆ ಮೆಲ್ಲಗೆ ನಡುವಿಗೆ ಮರಳುತ್ತದೆ. ಬಸ್ಸು ಮುಂದಿನ ಹೊಂಡದವರೆಗೆ ಕಾಯುತ್ತದೆ.

ಎಲ್ಲ ಮುಗಿದ ಮೇಲೂ ನೈಜತೆ ಸಾಲದು ಅನಿಸುವವರಿಗೆ ಒಂದು ಕ್ರಮ ಉಳಿದಿದೆ. ಹಾರುವ ದಿನ ಬೆಳಿಗ್ಗೆ ಪೋರ್ಚಿನಲ್ಲಿ ನಿಂತ ಕಾರಿನಲ್ಲಿ ಬ್ಯಾಗ್ ಇಟ್ಟುಕೊಂಡು ಕೂರಿ. ಎಸಿ ಆಫ್. ಮನೆಯವರಲ್ಲಿ ಒಬ್ಬರು ಹಿಂದಿನಿಂದ ಹಾರ್ನ್ ಹೊಡೆಯಲಿ, ಇನ್ನೊಬ್ಬರು ಹೆಜಮಾಡಿಯ ಟೋಲ್ ಕೇಳಲಿ. ಸುರತ್ಕಲ್ ದಾಟಿದೆ ಎಂದು ಮನಸ್ಸಿಗೆ ಬಂದಾಗ ಗಂಟೆ ನೋಡಿ. ಚೆಕ್-ಇನ್ ಕೌಂಟರ್ ಮುಚ್ಚುವ ಹೊತ್ತು ಮೀರಿದ್ದರೆ ಇಳಿದು ಒಳಗೆ ಹೋಗಿ ಚಾ ಕುಡಿಯಿರಿ, ಆ ದಿನ ಕಂಪ್ಯೂಟರ್ ಆನ್ ಮಾಡುವ ಅಗತ್ಯವೇ ಇಲ್ಲ.