ನೂರು ವರ್ಷಕ್ಕೊಂದು ಸಾರಿ

ಅಮೆರಿಕ 1993ರಲ್ಲಿ ಹವಾಯಿಯ ಮೂಲ ಜನರ ಕ್ಷಮೆ ಕೇಳಿದ ಕಾಗದವನ್ನು ಮೊನ್ನೆ ಮತ್ತೆ ಓದಿದೆ. ಆಗ ಸ್ವತಂತ್ರ ದ್ವೀಪರಾಜ್ಯವಾಗಿದ್ದ ಹವಾಯಿಯ ರಾಣಿ ಲಿಲಿಯುವೊಕಲಾನಿಯನ್ನು ಪಟ್ಟದಿಂದ ಇಳಿಸಿ ಸರಿಯಾಗಿ ನೂರು ವರ್ಷಕ್ಕೆ ಬಂದ ಕಾಗದ. ಇರಲಿ ಬಿಡಿ, ದೊಡ್ಡವರು. ತಪ್ಪು ಒಪ್ಪಿಕೊಳ್ಳೋಕೆ ಪುರುಸೊತ್ತು ಬೇಕಲ್ವಾ? ಚಪ್ಪಲಿಯಲ್ಲಿ ಹೊಡೆದವರು ಆಮೇಲೆ ಬೆಲ್ಲವನ್ನಾದರೂ ಕೊಡ್ತಾರೆ ಅಂತ ಕೇಳಿದ್ದೆ. ಇಲ್ಲಿ ಅದೂ ಇಲ್ಲ. ಈ ಕ್ಷಮೆಯಿಂದ ಜಮೀನಿನ ಹಕ್ಕೇನೂ ಬದಲಾಗಲ್ಲ ಅಂತ 2009ರಲ್ಲಿ ಅವರ ಸುಪ್ರೀಂ ಕೋರ್ಟೇ ಹೇಳಿಬಿಟ್ಟಿತು.

ರಾಣಿಯನ್ನು ಇಳಿಸಿದ 13 ಜನರ ಗುಂಪಿನ ಹೆಸರು 'ಸುರಕ್ಷತಾ ಸಮಿತಿ'. ಹೆಸರಿಟ್ಟ ಪುಣ್ಯಾತ್ಮನಿಗೆ ಕೈ ಮುಗಿಯಬೇಕು. ಬೆಂಬಲಕ್ಕೆ ಹಡಗಿನಿಂದ ಇಳಿದ ಅಮೆರಿಕದ ಸೈನಿಕರು 162 ಮಂದಿ. ತಮ್ಮವರ ಪ್ರಾಣ, ಆಸ್ತಿ ಕಾಯೋಕೆ ಅಂತ ಬಂದವರು, ಹೋಗಿ ಬಿಡಾರ ಹೂಡಿದ್ದು ಅರಮನೆಯ ಪಕ್ಕ!

ನನಗೆ ತುಂಬಾ ಇಷ್ಟವಾಗೋದು 1895ರಲ್ಲಿ ನಡೆದ ರಾಣಿಯ ವಿಚಾರಣೆ. ನಡೆದದ್ದು ಆಕೆಯದೇ ದರ್ಬಾರು ಹಾಲ್‌ನಲ್ಲಿ. ಅಪರಾಧ ಏನು? ಆಕೆಯನ್ನು ಮತ್ತೆ ಪಟ್ಟಕ್ಕೇರಿಸಲು ಆಕೆಯ ಕಡೆಯವರು ಎಬ್ಬಿಸಿದ ದಂಗೆಯ ಸುಳಿವು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ಅಂದರೆ, ಮನೆ ಕಿತ್ತುಕೊಂಡವರಿಗೆ "ಅಯ್ಯಾ, ನಿಮ್ಮ ಮೇಲೆ ಬೀಳೋಕೆ ಬರ್ತಿದ್ದಾರಂತೆ, ಹುಷಾರು" ಅಂತ ಹೇಳಿಕಳಿಸಬೇಕಿತ್ತು ಆಯಮ್ಮ. ಶಿಕ್ಷೆ 5 ವರ್ಷ, 5,000 ಡಾಲರ್ ದಂಡ. ಕಠಿಣ ದುಡಿಮೆ ಅಂತಲೂ ಬರೆದಿದ್ದರು. ಕೊನೆಗೆ ಅದೇ ಅರಮನೆಯ ಮಹಡಿ ಮೇಲಿನ ಒಂದು ಕೋಣೆಯಲ್ಲಿ ಕೂಡಿಹಾಕಿದರು, ಸುಮಾರು ಎಂಟು ತಿಂಗಳು.

ಪೇಪರ್ ಓದುವ ಹಾಗಿರಲಿಲ್ಲ. ಆದರೆ ಹೂವು ಬರಬಹುದಿತ್ತು. ಆಕೆಯ ತೋಟದ್ದೇ ಹೂವು, ಸುತ್ತಿದ್ದು ಪೇಪರಿನಲ್ಲಿ! ಬೋಂಡಾ ಕಟ್ಟಿದ ಪೇಪರನ್ನು ಬಿಡಿಸಿ, ಎಣ್ಣೆ ಕಲೆಯ ನಡುವೆ ಅರ್ಧ ಸುದ್ದಿ ಓದೋ ಚಟ ನನಗೂ ಇದೆ. ಉಳಿದರ್ಧ ಯಾವ ಗಿರಾಕಿಯ ಪಾಲಾಯ್ತೋ ಅಂತ ಕೊರಗೋದೂ ಇದೆ. ರಾಣಿಗೆ ಸಿಕ್ಕಿದ್ದು ತನ್ನದೇ ರಾಜ್ಯದ ಸುದ್ದಿ, ಒದ್ದೆ ಒದ್ದೆಯಾಗಿ. ಮಿಕ್ಕ ಹೊತ್ತು ಚೂರುಪಾರು ಬಟ್ಟೆ ಜೋಡಿಸಿ ಕೌದಿ ಹೊಲಿದಳು. ನಡುವೆ ಹವಾಯಿಯ ಬಾವುಟಗಳು, ಸುತ್ತ ಹೆಸರು, ತಾರೀಖು. ಸಾಕ್ಷಿ ಹೇಳಲಿಲ್ಲ ಅಂತ ಜೈಲಿಗೆ ಹಾಕಿದರಲ್ಲ, ದಾರದಲ್ಲಿ ಹೇಳಿದ್ದಾಳೆ.

ಆಮೇಲೆ ಹವಾಯಿ ಅಮೆರಿಕದ ಪಾಲಾಯ್ತು. ಜಮೀನು ಕೇಳಿಕೊಂಡು ರಾಣಿ ಅಮೆರಿಕದ ಕೋರ್ಟಿಗೂ ಹೋದಳು. 1910ರಲ್ಲಿ ತೀರ್ಪು ಬಂತು: ಆ ಜಮೀನು ನಿಮ್ಮದಲ್ಲ, ಪಟ್ಟದ್ದು. ಪಟ್ಟವೇ ಇಲ್ಲವಲ್ಲ, ಇನ್ನೆಲ್ಲಿಯ ಜಮೀನು? ಪಟ್ಟ ಕಿತ್ತವರು ಯಾರು ಅಂತ ಯಾರೂ ಕೇಳಬೇಡಿ, ಪ್ಲೀಸ್. ಇದನ್ನು ತಮಾಷೆ ಮಾಡಬೇಕು ಅಂತಲೇ ಕೂತೆ. ಆಗ್ತಾ ಇಲ್ಲ. ಕಳ್ಳತನ ಮಾಡಿ, ಅದಕ್ಕೆ ಕಾನೂನು ಬರೆದು, ಆ ಕಾನೂನು ತೋರಿಸಿ ಮಾಲು ಇಟ್ಟುಕೊಂಡರು. ಅಷ್ಟೇ ಕಥೆ.

'ಅಲೋಹಾ ಓಯೆ' ಬರೆದವಳೂ ಈಕೆಯೇ. ಬೀಳ್ಕೊಡುವ ಹಾಡು. ಬಂದ ನೆಂಟರು ಯಾವತ್ತಾದರೂ ಹೊರಡ್ತಾರೆ ಅಂತ ನಂಬಿದ್ದಳೋ ಏನೋ, ಪಾಪ.